ರಟ್ಟಕ್ಕ ಮಾಡಿದ ಬಾಡಿಗೆಮನೆ ಆಟ

ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳನ್ನು ಜನ ರಟ್ಟಕ್ಕ ಎನ್ನದೆ ಮಹಾರಾಣಿ ಎನ್ನುತ್ತಾರೆಯೇ? ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರಪಡಲು ಬೇರೆ ಸಂಗತಿಗಳು ಬೇಕಾದಷ್ಟಿದ್ದವು, ಹೆಸರಿಗೆಲ್ಲ ಪುರುಸೊತ್ತಿರಲಿಲ್ಲ. ನಲವತ್ತನಾಲ್ಕು ವಯಸ್ಸು, ಗಟ್ಟಿ ಮಣಿಕಟ್ಟು, ಬೆರಳ ತುದಿಗಳಲ್ಲಿ ರಟ್ಟಿನ ಅಂಚು ಕೊಯ್ದ ಗೀರುಗಳು, ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ದನಿ. ಮನೆಯಲ್ಲಿ ಅವಳು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಹೂಂಗುಟ್ಟುತ್ತಿದ್ದರು.

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅವಳು ಬಿಟ್ಟ ಬಾಡಿಗೆಮನೆಗಳು ಹನ್ನೊಂದು. ಒಬ್ಬ ಮಾಲೀಕ ಮಗನಿಗೆ ಮದುವೆ ಗೊತ್ತಾಯಿತು ಅಂತ ಬಿಡಿಸಿದ. ಇನ್ನೊಬ್ಬ ಮಗಳ ಮದುವೆ ಮುರಿಯಿತು ಅಂತ ಬಿಡಿಸಿದ. ಪರರ ಸಂಸಾರ ಕೂಡಿದರೂ ಮುರಿದರೂ ಗಂಟುಮೂಟೆ ಕಟ್ಟುವವಳು ಮಾತ್ರ ರಟ್ಟಕ್ಕನೇ. ಗೋಡೆಗೆ ಮೊಳೆ ಹೊಡೆದದ್ದಕ್ಕೆ ಒಂದು ಮನೆ ಹೋಯಿತು. ಮಗು ರಾತ್ರಿ ಕೆಮ್ಮಿದ್ದಕ್ಕೆ ಒಂದು ಹೋಯಿತು. ಒಬ್ಬ ಮಾಲೀಕರಂತೂ, "ನಿಮ್ಮ ಮೇಲೆ ದೂರೇನೂ ಇಲ್ಲಮ್ಮ, ನಮ್ಮ ನಾಯಿಗೆ ನಿಮ್ಮನ್ನ ಕಂಡ್ರೆ ಆಗಲ್ಲ ಅಷ್ಟೇ" ಅಂದಿದ್ದರು.

ಇವೆಲ್ಲ ನೆಪ ಎಂದು ಅವಳಿಗೂ ಗೊತ್ತಿತ್ತು. ಆ ನಗರದಲ್ಲಿ ಒಂದು ಕಾನೂನಿತ್ತು: ಇರುವ ಬಾಡಿಗೆದಾರನಿಗೆ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಬಾಡಿಗೆ ಏರಿಸುವಂತಿಲ್ಲ. ಹೊಸಬ ಬಂದರೆ ಮನಸ್ಸಿಗೆ ಬಂದಷ್ಟು ಕೇಳಬಹುದು. ಬಡವರನ್ನು ಕಾಪಾಡಲು ದೊಡ್ಡವರು ಮಾಡಿದ ಕಾನೂನು. ಹಾಗಾಗಿ ಎರಡು ವರ್ಷ ತುಂಬುವ ಹೊತ್ತಿಗೆ ಎಲ್ಲ ಮಾಲೀಕರ ಮಕ್ಕಳಿಗೂ ಮದುವೆ ಕೂಡಿಬರುತ್ತಿತ್ತು.

ಈಗ ಹನ್ನೆರಡನೆಯ ಮನೆಗೂ ನೋಟಿಸು ಬಂದಿತ್ತು. ಕಟ್ಟಡದ ದುರಸ್ತಿ ಇದೆ, ಮೂರು ತಿಂಗಳಲ್ಲಿ ಖಾಲಿ ಮಾಡಿ. ಎರಡು ಕೋಣೆಯ ಮನೆ. ಮಲಗುವವರು ನಾಲ್ಕು ಜನ: ರಟ್ಟಕ್ಕ, ಲಿಫ್ಟ್ ರಿಪೇರಿ ಮಾಡುವ ಗಂಡ, ಹದಿನೈದರ ಮಗಳು, ಎಪ್ಪತ್ತಾರರ ಅತ್ತೆ. ಗಂಡ ನೋಟಿಸನ್ನು ಎರಡು ಸಲ ಓದಿ, ಮಡಚಿ, ತಿರುಪುಳಿಗಳ ಡಬ್ಬದಲ್ಲಿಟ್ಟ. ಅವನು ಮಾತನಾಡುವುದೇ ಕಮ್ಮಿ. ಇಡೀ ದಿನ ಲಿಫ್ಟಿನ ಬಾವಿಯ ತಳದಲ್ಲಿ ನಿಂತು ಬೇರೆಯವರ ಮಹಡಿಗಳನ್ನು ತಲೆಯೆತ್ತಿ ನೋಡುವವನಿಗೆ ಇನ್ನೇನು ಮಾತು ಬರಬೇಕು?

ರಟ್ಟಕ್ಕ ಹಾಗೆ ಸುಮ್ಮನಿರುವ ಪೈಕಿಯಲ್ಲ. ನಗರಸಭೆಯ ವಸತಿ ಕಚೇರಿ ವರ್ಷಕ್ಕೆ ನಲವತ್ತು ಮನೆಗಳನ್ನು ಕಮ್ಮಿ ಬಾಡಿಗೆಗೆ ಕೊಡುತ್ತಿತ್ತು. ಒಮ್ಮೆ ಸಿಕ್ಕರೆ ಸಾಯುವವರೆಗೆ ಯಾರೂ ಬಿಡಿಸುವಂತಿಲ್ಲ. ಆ ಪಟ್ಟಿಯಲ್ಲಿ ಹೆಸರು ಹತ್ತಿಸಬೇಕು, ಅದೂ ನೋಟಿಸಿನ ಗಡುವು ಮುಗಿಯುವುದರೊಳಗೆ. ಒಂದು ದಿನದ ರಜೆ ಹಾಕಿ, ಕಾಗದಗಳನ್ನೆಲ್ಲ ಬೂಟಿನ ಡಬ್ಬದಲ್ಲಿ ಜೋಡಿಸಿಕೊಂಡು ಹೋಗಿ ಮೂರನೇ ಕಿಟಕಿಯ ಮುಂದೆ ನಿಂತಳು. ಕಿಟಕಿಯ ಹೆಂಗಸು ಅರ್ಜಿಯ ಮೊದಲ ಸಾಲಿಗೇ ಪೆನ್ನು ಊರಿದಳು.

"ಈ ವಿಳಾಸದಲ್ಲಿ ಎಷ್ಟು ವರ್ಷದಿಂದ ಇದ್ದೀರಿ?"

"ಒಂದು ವರ್ಷ ಎಂಟು ತಿಂಗಳು."

"ಆಗಲ್ಲ. ಒಂದೇ ವಿಳಾಸದಲ್ಲಿ ಸತತ ಐದು ವರ್ಷ ಇರಬೇಕು. ನಿಯಮ."

"ಐದು ವರ್ಷ ಒಂದೇ ಕಡೆ ಇರೋಕಾಗಿದ್ರೆ ನಾನ್ಯಾಕಮ್ಮ ಇಲ್ಲಿಗೆ ಬರ್ತಿದ್ದೆ?" ಎಂದಳು ರಟ್ಟಕ್ಕ. ಐದನೇ ಕಿಟಕಿಯವರೆಗೂ ಕೇಳಿಸಿತು.

"ಮುಂದಿನವರು ಬನ್ನಿ" ಎಂದಳು ಕಿಟಕಿಯ ಹೆಂಗಸು.

ಅದೇ ವಾರ ಕಾರ್ಖಾನೆಗೆ ಹೊರದೇಶದ ಆರ್ಡರೊಂದು ಬಂದಿತ್ತು, ಮಕ್ಕಳ ಆಟದ ಹಲಗೆಗಳದ್ದು. ದಪ್ಪ ಬೂದು ರಟ್ಟು, ಮೇಲೆ ಬಣ್ಣದ ಬೀದಿಗಳು, ಬೀದಿಗೊಂದು ಮನೆ. ಅಚ್ಚು ಓರೆಯಾದ ಹಲಗೆಯೊಂದನ್ನು ರಟ್ಟಕ್ಕ ಮನೆಗೆ ತಂದಳು. ಭಾನುವಾರ ಮಧ್ಯಾಹ್ನ ನಾಲ್ವರೂ ಕುಳಿತು ಆಡಿದರು. ಎರಡು ಸುತ್ತು ಮುಗಿಯುವುದರೊಳಗೆ ಅತ್ತೆ ನಾಲ್ಕು ಬೀದಿಗಳ ಒಡತಿಯಾಗಿದ್ದಳು.

"ಇಷ್ಟು ಸಲೀಸಾಗಿ ಮನೆ ಸಿಗೋದು ಯಾವೂರಲ್ಲೇ?" ಅತ್ತೆ ಕೇಳಿದಳು. "ನಾವೂ ಅಲ್ಲಿಗೇ ಹೋಗೋಣ."

ರಟ್ಟಕ್ಕನಿಗೆ ನಗು ಬಂತು, ನಗುವಿನ ಬೆನ್ನಿಗೇ ಸಿಟ್ಟು ಬಂತು. ಹಲಗೆಯನ್ನು ಮಗುಚಿದಳು. ಹಿಂಬದಿ ಬರೀ ಬೂದು ರಟ್ಟು, ಒಂದು ಗೆರೆಯಿಲ್ಲ. ಮಗಳ ಸ್ಕೇಲು ಕಸಿದುಕೊಂಡು ಅಲ್ಲೇ ಗೀಚತೊಡಗಿದಳು.

ಎರಡು ವಾರ ಅವಳಿಗೆ ಅದೇ ಗೀಳು. ಹಲಗೆಯ ಸುತ್ತ ಹನ್ನೆರಡು ಮನೆ, ತಾನಿದ್ದ ಹನ್ನೆರಡೂ. ನಡುವೆ ಒಂದೇ ಒಂದು ದೊಡ್ಡ ಚೌಕ, ವಸತಿ ಕಚೇರಿಯ ಮನೆ. ಒಂದು ಸುತ್ತು ಎಂದರೆ ಒಂದು ವರ್ಷ. ದಾಳ ಹಾಕಿ ಚೀಟಿ ಎತ್ತಬೇಕು. ಇದ್ದ ಮನೆಯಲ್ಲೇ ಉಳಿದರೆ ನಿಮ್ಮ ಬಟ್ಟಲಿಗೆ ಒಂದು ಕಲ್ಲು. ಐದು ಕಲ್ಲು ಕೂಡಿದರೆ ನಡುಮನೆ ನಿಮ್ಮದು, ಗೆದ್ದಿರಿ. ನಡುವೆ ಎಲ್ಲಾದರೂ ಮನೆ ಬಿಡಬೇಕಾಗಿ ಬಂದರೆ ಬಟ್ಟಲು ಬರಿದು, ಮತ್ತೆ ಮೊದಲಿನಿಂದ. ಒಬ್ಬರು ಮಾಲೀಕ. ಹಳೆಯ ಬಾಡಿಗೆದಾರನನ್ನು ಇಟ್ಟುಕೊಂಡರೆ ಮಾಲೀಕನಿಗೆ ವರ್ಷಕ್ಕೆ ಒಂದು ಮಣಿ. ಮೂರನೇ ಸುತ್ತಿನಿಂದ ಯಾವಾಗ ಬೇಕಾದರೂ ಬಿಡಿಸಬಹುದು, ಹೊಸಬ ಬಂದರೆ ಮೂರು ಮಣಿ. ಒಟ್ಟು ಅರವತ್ತು ಚೀಟಿ. ತನಗೋ ತನ್ನ ಗುರುತಿನವರಿಗೋ ನಿಜವಾಗಿ ಆಗದ್ದನ್ನು ಒಂದು ಚೀಟಿಯಲ್ಲೂ ಬರೆಯುವುದಿಲ್ಲ ಎಂದು ಪಣ ತೊಟ್ಟಿದ್ದಳು. ವಸ್ತುವಿಗೇನೂ ಬರವಿರಲಿಲ್ಲ. ಕಾರ್ಖಾನೆಯ ಅಂಟಿನ ಮೇಜಿನ ಹೆಂಗಸರು ಊಟದ ವಿರಾಮದಲ್ಲಿ ತಮ್ಮ ತಮ್ಮ ಮನೆ ಬಿಟ್ಟ ಕತೆಗಳನ್ನು ಪೈಪೋಟಿಯ ಮೇಲೆ ಹೇಳಿದರು. ನಾಯಿಯ ಚೀಟಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಂಟು ಕಲಸುವವಳು, "ನಮ್ಮಲ್ಲಿ ಬೆಕ್ಕಿಗೆ ಆಗಿಬರಲಿಲ್ಲ, ಅದನ್ನೂ ಸೇರಿಸು" ಎಂದಳು.

ಮಾಲೀಕಳ ಪಾತ್ರವನ್ನು ಅತ್ತೆಗೆ ಕೊಟ್ಟದ್ದೇ ಕೊಟ್ಟದ್ದು, ಮುದುಕಿಗೆ ಹೊಸ ಜೀವ ಬಂತು. ಜೀವಮಾನವಿಡೀ ಮಾಲೀಕರ ಮುಂದೆ ಸೆರಗು ಮುದುರಿಕೊಂಡು "ಆಗಲಿ ಸ್ವಾಮಿ" ಎಂದವಳು ಈಗ ದಿಂಬಿಗೊರಗಿ ಕುಳಿತು, ಹೆತ್ತ ಮಗನನ್ನೇ ಬಟ್ಟಲಿಗೆ ಎರಡು ಕಲ್ಲು ಬೀಳುತ್ತಲೇ ಎತ್ತಂಗಡಿ ಮಾಡಿದಳು.

"ಅಮ್ಮಾ, ನಾನಮ್ಮ" ಎಂದ ಗಂಡ.

"ಮನೆ ಖಾಲಿ ಮಾಡಿ ಮಾತಾಡಪ್ಪ" ಎಂದಳು ಅತ್ತೆ, ಮಣಿ ಎಣಿಸಿಕೊಳ್ಳುತ್ತ.

ಅಜ್ಜಿಗೆ ಕರುಣೆಯಿಲ್ಲ, ತಾನು ಒಳ್ಳೆಯ ಓನರ್ ಆಗುತ್ತೇನೆ ಎಂದು ಮಗಳು ಒಂದು ಭಾನುವಾರ ಪಟ್ಟು ಹಿಡಿದಳು. ಮೂರು ಸುತ್ತು ದೇವತೆಯ ಹಾಗೆ ನಡೆದುಕೊಂಡಳು. ನಾಲ್ಕನೇ ಸುತ್ತಿಗೆ ಡಬ್ಬದಲ್ಲಿದ್ದ ಮಣಿಗಳ ರಾಶಿ ನೋಡಿ, "ಸಾರಿ ಅಪ್ಪಾ" ಅಂದು ಅವನನ್ನು ಹೊರಗೆ ಹಾಕಿದಳು.

ಯಾರೂ ಗೆಲ್ಲುತ್ತಿರಲಿಲ್ಲ. ಒಂದು ಭಾನುವಾರವಲ್ಲ, ಎರಡಲ್ಲ. ಪಕ್ಕದ ಮನೆಯವರು ಬಂದು ಆಡಿದರು, ಕಾರ್ಖಾನೆಯ ಹೆಂಗಸರು ಆಡಿದರು, ಒಬ್ಬರ ಕೈಗೂ ನಡುಮನೆ ಸಿಕ್ಕಲಿಲ್ಲ. ಕೊನೆಗೆ ಮನೆಯವರೇ ಬಂಡೆದ್ದರು.

"ಗೆಲ್ಲೋಕೇ ಆಗದ ಆಟ ಯಾರಿಗಮ್ಮ ಬೇಕು?" ಮಗಳು ಕೂಗಿದಳು. "ನಿಂಗೆ ಸಿಟ್ಟಿದೆ ಅಂತ ಆಟಾನೂ ಕೆಡಿಸಿದ್ದೀಯ. ಒಂದು ಅದೃಷ್ಟದ ಚೀಟಿನಾದ್ರೂ ಹಾಕು."

"ಅದೃಷ್ಟ ಬಂದಿದ್ರೆ ಹಾಕ್ತಿದ್ದೆ" ಎಂದಳು ರಟ್ಟಕ್ಕ. ಆದರೆ ಮಾತು ಚುಚ್ಚಿತು. ತನ್ನ ಹೊಟ್ಟೆಯುರಿಯನ್ನೆಲ್ಲ ಹಲಗೆಯ ಮೇಲೆ ಸುರಿದುಬಿಟ್ಟೆನೇನೋ ಎಂದು ಅವಳಿಗೇ ಅನುಮಾನ ಶುರುವಾಯಿತು. ಆವತ್ತಿನಿಂದ ಪ್ರತಿ ಆಟದಲ್ಲೂ ಯಾರು ಎಷ್ಟನೇ ಕಲ್ಲಿನಲ್ಲಿ ಬಿದ್ದರು ಎಂದು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕತೊಡಗಿದಳು.

ಅವಳ ಕಾರ್ಖಾನೆಯಲ್ಲಿ ಒಂದು ಕ್ರಮವಿದೆ. ರಟ್ಟನ್ನು ಡಬ್ಬದ ಆಕಾರಕ್ಕೆ ಕತ್ತರಿಸಲು ಉಕ್ಕಿನ ಅಲಗು ಕೂರಿಸಿದ ಒಂದು ಚೌಕಟ್ಟಿರುತ್ತದೆ, ಅದಕ್ಕೆ ಅಚ್ಚು ಅನ್ನುತ್ತಾರೆ. ಒಂದು ಡಬ್ಬ ಹರಿದರೆ ಮೇಸ್ತ್ರಿ ಬಂದು ಕೆಲಸದವಳ ಕೈ ನೋಡುತ್ತಾನೆ, ಬೈಯುತ್ತಾನೆ. ಸಾಲಾಗಿ ಮೂರು ಡಬ್ಬ ಒಂದೇ ಮೂಲೆಯಲ್ಲಿ ಹರಿದರೆ ಯಾರನ್ನೂ ಬೈಯುವುದಿಲ್ಲ. ಯಂತ್ರ ನಿಲ್ಲಿಸಿ ಅಚ್ಚು ಬಿಚ್ಚುತ್ತಾನೆ.

ಮೂವತ್ತನೇ ಆಟ ಮುಗಿದ ಮಧ್ಯಾಹ್ನ ರಟ್ಟಕ್ಕ ಕ್ಯಾಲೆಂಡರಿನ ಮುಂದೆ ನಿಂತಳು. ಗೀಟುಗಳೆಲ್ಲ ಎರಡನೇ ಮತ್ತು ಮೂರನೇ ಕಲ್ಲಿನ ಕೆಳಗೆ ಹುಲ್ಲಿನ ಹಾಗೆ ಬೆಳೆದಿದ್ದವು. ನಾಲ್ಕರ ಕೆಳಗೆ ಎರಡೇ ಎರಡು. ಐದರ ಕೆಳಗೆ ಬಿಳೀ ಕಾಗದ. ಅತ್ತೆ ಆಡಲಿ, ಮಗಳು ಆಡಲಿ, ದಾಳ ಆರು ಬೀಳಲಿ ಒಂದು ಬೀಳಲಿ, ಹರಿಯುವುದು ಅದೇ ಮೂಲೆಯಲ್ಲಿ.

"ಇದು ಕೈ ತಪ್ಪಲ್ಲ ಕಣ್ರೀ" ಎಂದಳು ಗಂಡನಿಗೆ. ದನಿ ಎಂದಿನಂತಿರಲಿಲ್ಲ, ಮೆತ್ತಗಿತ್ತು. "ಇಪ್ಪತ್ತು ವರ್ಷ ನಾನು ನಮ್ಮ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ. ನೀವು ಇನ್ನೂ ಸ್ವಲ್ಪ ದುಡಿದಿದ್ರೆ, ನಾನು ಆ ಮೊಳೆ ಹೊಡೀದೆ ಇದ್ದಿದ್ರೆ ಅಂತ. ಅಚ್ಚೇ ತಪ್ಪು."

ಗಂಡ ಗೀಟುಗಳನ್ನು ಬೆರಳಿಟ್ಟು ಎಣಿಸಿದ. "ಇದನ್ನ ಅವರಿಗೆ ತೋರಿಸು" ಎಂದ. ಆ ವರ್ಷ ಅವನಾಡಿದ ಉದ್ದದ ಮಾತುಗಳಲ್ಲಿ ಅದೂ ಒಂದು.

ವಸತಿ ಕಚೇರಿಯಲ್ಲಿ ತಿಂಗಳಿಗೊಮ್ಮೆ ದೊಡ್ಡ ಸಾಹೇಬರು ಅಹವಾಲು ಕೇಳುವ ದಿನವಿತ್ತು. ತಲೆಗೆ ಐದು ನಿಮಿಷ. ಹಿರಿಯರು ಜೊತೆಗಿದ್ದರೆ ಸಾಲು ಬಿಟ್ಟು ಒಳಗೆ ಬಿಡುತ್ತಾರೆ ಎಂದು ಯಾರೋ ಹೇಳಿದ್ದರಿಂದ ಅತ್ತೆಯನ್ನೂ ಬಸ್ಸು ಹತ್ತಿಸಿಕೊಂಡು ಹೋದಳು. ಸಾಹೇಬರ ಮೇಜಿನ ಮೇಲೆ ಕಡತಗಳ ನಡುವೆ ಹಲಗೆ ಇಟ್ಟಾಗ ಅವರು ಮೂಗು ಮುರಿದರು.

"ಇದೇನಮ್ಮ? ಅರ್ಜಿ ಎಲ್ಲಿ?"

"ಇದೇ ಅರ್ಜಿ ಸಾರ್. ಒಂದು ಸಲ ಆಡಿ."

"ಆಟ ಆಡೋಕೆ ಇಲ್ಲಿ ಕೂತಿದ್ದೀನಾ?"

"ಹೆದರಬೇಡಪ್ಪ" ಎಂದಳು ಅತ್ತೆ, ಎದುರಿನ ಕುರ್ಚಿಯಲ್ಲಿ ಅದಾಗಲೇ ಮಣಿಗಳನ್ನು ಹರಡಿಕೊಂಡು. "ಮಕ್ಕಳಾಟ ಅಷ್ಟೇ."

ಬಾಗಿಲ ಬಳಿ ನಿಂತಿದ್ದವರು ಕಿಸಕ್ಕನೆ ನಕ್ಕರು. ಸಾಹೇಬರಿಗೆ ರೋಷ ಬಂತು. ಕಾಲೇಜಿನಲ್ಲಿ ಕೇರಂ ಚಾಂಪಿಯನ್ ಆಗಿದ್ದವರಂತೆ, ಅದನ್ನು ಎರಡು ಸಲ ಹೇಳಿಯೇ ದಾಳ ಎತ್ತಿಕೊಂಡರು. ಮೊದಲ ಚೀಟಿ ಸಾದಾ, ಒಂದು ಕಲ್ಲು. ಎರಡನೆಯದೂ ಸಾದಾ. ಅವರು ಹುಬ್ಬು ಹಾರಿಸಿದರು. ಮೂರನೇ ಸುತ್ತು ಬಂದದ್ದೇ ತಡ, ಅತ್ತೆ ಅವರ ಬಟ್ಟಲು ಬೋರಲು ಹಾಕಿ, "ನನ್ನ ಮಗನಿಗೆ ಮದುವೆ" ಎಂದಳು.

ಸಾಹೇಬರು ಇನ್ನೊಂದು ಆಟ ಕೇಳಿದರು. ನಾಯಿಗೆ ಆಗಿಬರಲಿಲ್ಲ. ಮತ್ತೊಂದು ಆಟಕ್ಕೆ ಮೂರನೇ ಕಿಟಕಿಯ ಹೆಂಗಸನ್ನೂ ಕರೆದು ಕೂರಿಸಿದರು. ಅವಳನ್ನು ಕೆಮ್ಮಿದ್ದಕ್ಕೂ ಅವರನ್ನು ಮೊಳೆಗೂ ಅತ್ತೆ ಒಂದೇ ಸುತ್ತಿನಲ್ಲಿ ಬೀದಿಗೆ ತಂದಳು. ಅಷ್ಟು ಹೊತ್ತಿಗೆ ಅಹವಾಲು ಹೇಳಲು ಬಂದಿದ್ದ ಇಪ್ಪತ್ತು ಮೂವತ್ತು ಜನ ಒಳಗೆ ನುಗ್ಗಿ ಮೇಜಿನ ಸುತ್ತ ನೆರೆದಿದ್ದರು. ಪ್ರತಿ ಚೀಟಿಗೂ ಯಾರೋ ಒಬ್ಬರು, "ಹೂಂ, ನಮಗೂ ಹಿಂಗೇ ಆಯ್ತು" ಎನ್ನುತ್ತಿದ್ದರು.

"ಈ ಅಜ್ಜಿ ಮೋಸ ಮಾಡ್ತಿದ್ದಾರೆ!" ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿದರು.

"ಮೋಸ ಯಾಕಪ್ಪ ಮಾಡ್ಲಿ?" ಅತ್ತೆಗೆ ನಿಜಕ್ಕೂ ಬೇಜಾರಾಯಿತು. "ನಾನು ಮಾಲೀಕಳು. ನನಗೆ ಹಕ್ಕಿದೆ."

"ಹಾಗಾದ್ರೆ ಆಟನೇ ತಪ್ಪಿದೆ. ಈ ಐದು ಕಲ್ಲಿನ ನಿಯಮ ಇರೋವರೆಗೂ ಯಾರಪ್ಪನಿಗೂ ಗೆಲ್ಲೋಕಾಗಲ್ಲ. ಯಾವ ತಲೆಕೆಟ್ಟವರು ಬರೆದಿದ್ದಮ್ಮ ಇದನ್ನ?"

ರಟ್ಟಕ್ಕ ಅವರ ಕಚೇರಿಯ ಅರ್ಜಿಯನ್ನು ಹಲಗೆಯ ಮೇಲಿಟ್ಟಳು. ಒಂದೇ ವಿಳಾಸದಲ್ಲಿ ಸತತ ಐದು ವರ್ಷ. ಕೆಳಗೆ ದುಂಡಗಿನ ಸಹಿ. ಸಾಹೇಬರು ತಮ್ಮ ಸಹಿಯನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿದರು. ಕಿಟಕಿಯ ಹೆಂಗಸು ಇಲ್ಲದ ಕೆಮ್ಮನ್ನು ಕೆಮ್ಮಿ ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಸಾಹೇಬರು ಕೆಟ್ಟವರೇನಲ್ಲ, ಆ ಮಾತು ಹೇಳಲೇಬೇಕು. ಕೆಂಪೇರಿದ ಮುಖವನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ರಟ್ಟಕ್ಕನನ್ನು ಬೀರುವಿನ ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ, "ನೋಡಮ್ಮ, ನಿನ್ನ ಅರ್ಜಿನ ವಿಶೇಷ ಪ್ರಕರಣ ಅಂತ ಬರೆದು ಈ ವರ್ಷದ ನಲವತ್ತರಲ್ಲೇ ಸೇರಿಸ್ತೀನಿ. ನನಗೆ ಆ ಅಧಿಕಾರ ಇದೆ. ಈ ಹಲಗೆ ಮಡಚಿಕೊಂಡು ಹೋಗಿಬಿಡು" ಎಂದರು.

ಬೇಡ ಎನ್ನುವ ಹಮ್ಮು ರಟ್ಟಕ್ಕನಿಗೆ ಖಂಡಿತ ಇರಲಿಲ್ಲ. ಒಂದು ಗಳಿಗೆಯಲ್ಲಿ ಆ ಮನೆಯ ಗೋಡೆಗೆ ಬೇಕಾದಷ್ಟು ಮೊಳೆ ಹೊಡೆದು ಮುಗಿಸಿದ್ದಳು. ಹೂಂ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಂದ ಬಂದದ್ದು ಇಪ್ಪತ್ತೆರಡು ವರ್ಷದ ಕಾರ್ಖಾನೆ.

"ಅಚ್ಚು ಹಾಗೇ ಬಿಟ್ಟು ಒಂದು ಡಬ್ಬಕ್ಕೆ ಟೇಪ್ ಸುತ್ತಿ ಕೊಟ್ರೆ ನಮ್ಮ ಮೇಸ್ತ್ರಿ ಉಗೀತಾರೆ ಸಾರ್."

ದನಿ ತಗ್ಗಿಸಲು ಅವಳಿಗೆ ಬರುತ್ತಿರಲಿಲ್ಲವಲ್ಲ. ಇಡೀ ಕೋಣೆಗೆ ಕೇಳಿಸಿತು. ಹಿಂದಿನಿಂದ ಒಬ್ಬ, "ಯಾವ ಡಬ್ಬ, ಏನು ಟೇಪು?" ಎಂದ. ಇನ್ನೊಬ್ಬ, "ಏನು ಒಳಒಪ್ಪಂದ ನಡೀತಿದೆ ಅಲ್ಲಿ?" ಎಂದ. ಸಾಹೇಬರು ಬೀರುವಿನ ಬಾಗಿಲನ್ನು ಸುಮ್ಮನೆ ಒಮ್ಮೆ ತೆರೆದು ಮುಚ್ಚಿದರು. ಅಲ್ಲಿಗೆ ವಿಶೇಷ ಪ್ರಕರಣದ ಕತೆ ಮುಗಿಯಿತು.

ಬಸ್ಸಿನಲ್ಲಿ ಮನೆಯವರೆಗೂ ರಟ್ಟಕ್ಕ ತನ್ನ ನಾಲಿಗೆಗೆ ಶಾಪ ಹಾಕಿಕೊಂಡಳು. "ಹೂಂ ಅನ್ನಬೇಕಿತ್ತು ಅತ್ತೆ" ಎಂದಳು. "ಹೂಂ ಅಂದಿದ್ರೆ ಸಾಕಿತ್ತು."

"ಅನ್ನಬೇಕಿತ್ತು" ಎಂದಳು ಅತ್ತೆ, ಸಮಾಧಾನ ಹೇಳುವ ಅಭ್ಯಾಸವೇ ಇಲ್ಲದವಳು. "ಆದ್ರೆ ಆ ಮನುಷ್ಯನ್ನ ಮೂರು ಸಲ ಓಡಿಸಿದೆ ನೋಡು, ಮೈಯೆಲ್ಲ ಹಗುರ ಆಯ್ತು."

ಹನ್ನೆರಡು ದಿನಗಳ ಮೇಲೆ ಮೂರನೇ ಕಿಟಕಿಯ ಗಾಜಿಗೆ ಒಂದು ಹಾಳೆ ಅಂಟಿಸಿದರು. ಹೊಸದಾಗಿ ಅಚ್ಚು ಹಾಕಿಸುವಷ್ಟು ಧಾರಾಳ ಆ ಕಚೇರಿಗೆಲ್ಲಿಂದ ಬರಬೇಕು? ಹಳೆಯ ಹಾಳೆಯಲ್ಲೇ "ಒಂದೇ ವಿಳಾಸದಲ್ಲಿ" ಎಂಬುದನ್ನು ಪೆನ್ನಿನಲ್ಲಿ ಹೊಡೆದುಹಾಕಿ "ಈ ನಗರದಲ್ಲಿ" ಎಂದು ಬರೆದು, ಪಕ್ಕದಲ್ಲಿ ಅದೇ ದುಂಡನೆಯ ಸಹಿ ಹಾಕಿದ್ದರು. ರಟ್ಟಕ್ಕ ಕಾರ್ಖಾನೆ ಬಿಟ್ಟು ಓಡೋಡಿ ಹೋದಾಗ ಸಾಲು ಕಚೇರಿಯ ಮೆಟ್ಟಿಲಿಳಿದು, ಬೀದಿ ದಾಟಿ, ಔಷಧಿ ಅಂಗಡಿಯ ಮೂಲೆ ತಿರುಗಿತ್ತು. ಇಪ್ಪತ್ತು ವರ್ಷಗಳಿಂದ ಕಿಟಕಿಯಿಂದ ವಾಪಸಾದವರೆಲ್ಲ ಒಂದೇ ದಿನ ಬಂದಿದ್ದರು. ಅವರನ್ನು ಒಳಗೆ ಬಿಡಿಸಿದವಳು ತಾನೇ, ಅವರ ಹಿಂದೆ ನಿಲ್ಲಬೇಕಾದವಳೂ ತಾನೇ. ಅಳಬೇಕೋ ನಗಬೇಕೋ ತಿಳಿಯದೆ ಮುಂದೆ ನಿಂತಿದ್ದ ಹೆಂಗಸಿನ ಜೊತೆ ಜಾಗದ ವಿಷಯಕ್ಕೆ ಜಗಳ ತೆಗೆದಳು.

ಗಡುವಿನ ದಿನ ಬಂತು, ಹನ್ನೆರಡನೆಯ ಮನೆ ಬಿಟ್ಟರು. ಹದಿಮೂರನೆಯದು ನಾಲ್ಕನೇ ಮಹಡಿಯಲ್ಲಿ ಒಂದೇ ಕೋಣೆ. ಬಚ್ಚಲು, ಪಾಯಿಖಾನೆ ಎಲ್ಲ ಎರಡು ಮಹಡಿ ಕೆಳಗೆ, ಏಳು ಸಂಸಾರಗಳಿಗೆ ಒಂದು. ಲಿಫ್ಟ್ ಇಲ್ಲ. ಅತ್ತೆ ಹೋಗಬೇಕೆನಿಸುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದಳು.

ಅಲ್ಲಿಗೆ ಬಂದ ತಿಂಗಳಿಗೆ ಕಚೇರಿಯ ಪತ್ರ ಬಂತು. ಅರ್ಜಿ ಸ್ವೀಕೃತವಾಗಿದೆ. ಕ್ರಮಸಂಖ್ಯೆ ಸಾವಿರದ ಎಂಟುನೂರ ನಲವತ್ತಾರು. ರಟ್ಟಕ್ಕ ಪತ್ರವನ್ನು ಎದೆಗೊತ್ತಿಕೊಂಡು ಕೋಣೆಯಲ್ಲೇ ಒಂದು ಸುತ್ತು ಕುಣಿದಳು. ಪಟ್ಟಿಯಲ್ಲಿ ಹೆಸರು! ಗಂಡ ಪತ್ರ ತೆಗೆದುಕೊಂಡು ಓದಿದ, ಈ ಸಲ ತಿರುಪುಳಿಗಳ ಡಬ್ಬಕ್ಕೆ ಹಾಕಲಿಲ್ಲ, ಕೈಯಲ್ಲೇ ಇಟ್ಟುಕೊಂಡ.

ಲೆಕ್ಕದಲ್ಲಿ ಚುರುಕಾದ ಮಕ್ಕಳಿರಬಾರದು. "ವರ್ಷಕ್ಕೆ ನಲವತ್ತು ಮನೆ" ಎಂದಳು ಮಗಳು. "ಅಂದ್ರೆ ನಲವತ್ತಾರು ವರ್ಷ, ಮೇಲೆ ಸ್ವಲ್ಪ. ಅಮ್ಮಾ, ನಿಂಗಾಗ ತೊಂಬತ್ತು."

ಕುಣಿತ ನಿಂತಿತು. ಸಾಲಿನಲ್ಲಿ ನಿಲ್ಲಲು ಜಾಗ ಕೊಟ್ಟದ್ದಕ್ಕೇ ಹುಚ್ಚಿಯಂತೆ ಕುಣಿದೆನಲ್ಲ ಎಂದು ರಟ್ಟಕ್ಕನಿಗೆ ನಾಚಿಕೆಯಾಯಿತು. ಬೀರುವಿನ ಪಕ್ಕ ತಾನು ಹೇಳದೆ ಬಿಟ್ಟ ಆ ಒಂದು ಹೂಂ ನೆನಪಾಯಿತು. ಯಾರ ಮುಖವನ್ನೂ ನೋಡಲಾಗದೆ ಗೋಡೆಯ ಕಡೆ ತಿರುಗಿ ನಿಂತಳು.

ಅತ್ತೆ ಆಗಷ್ಟೇ ಕೆಳಗಿನಿಂದ ಹತ್ತಿ ಬಂದಿದ್ದಳು. ಬಾಗಿಲಿಗೆ ಕೈಯೂರಿ ಸುಧಾರಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಆ ಮನೇಲಿ ಬಚ್ಚಲು ಒಳಗೇ ಇರುತ್ತೇನೇ?" ಕೇಳಿದಳು.

ರಟ್ಟಕ್ಕ ತಿರುಗಿದಳು. "ಇರುತ್ತೆ ಅತ್ತೆ. ಒಳಗೇ ಇರುತ್ತೆ."

"ಹಾಗಾದ್ರೆ ಕಾಯ್ತೀನಿ ಬಿಡು" ಎಂದಳು ಅತ್ತೆ, ಮತ್ತು ಗೋಡೆಗೊರಗಿ ಕಾಲು ನೀಡಿ ಕುಳಿತಳು.